ಅಜ್ಜಿ ಹೆಸರಿಟ್ಟ ಮಳೆಗಳು



ಪಂಚಾಂಗದಲ್ಲಿ ಮಳೆಗೆ ಪುನರ್ವಸು, ಪುಷ್ಯ, ಆಶ್ಲೇಷ ಎಂದು ನಕ್ಷತ್ರದ ಹೆಸರುಗಳಿವೆ. ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಮಳೆಗಳಿಗೆ ಬೇರೆಯೇ ಹೆಸರುಗಳಿದ್ದವು. ಇಟ್ಟವರು ನಮ್ಮ ಅಜ್ಜಿ. ಕಾಫಿಯನ್ನು ಕಣದಲ್ಲಿ ಹರಡಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹನಿ ಬಿದ್ದರೆ ಅದು ‘ಕಣಗಳ್ಳ’. ಹೊರಟು ನಿಂತ ನೆಂಟರನ್ನು ಜಗಲಿಯಲ್ಲೇ ತಡೆಯುವುದು ‘ಉಳ್ಕೊಮಳೆ’. ಮಳೆಗಷ್ಟೇ ಅಲ್ಲ, ತೋಟದಿಂದ ಬಂದವರ ಕಾಲಲ್ಲಿ ಜಿಗಣೆ ಕಂಡರೆ, “ಬಡ್ಡಿಸಾಹುಕಾರ ಬಂದಿದ್ದಾನೆ, ಉಪ್ಪು ತನ್ನಿ” ಎನ್ನುತ್ತಿದ್ದರು. ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸಕ್ಕೆ ಮುಖ ತಿರುಗಿಸುವ ಮಕ್ಕಳಿಗೆ ಅದು ‘ನೇರಳೆ ಹಬ್ಬ’. ಪಾಯಸದ ಆ ಬಣ್ಣದ ಆಸೆಗೇ ಬಟ್ಟಲು ಖಾಲಿಯಾಗುತ್ತಿತ್ತು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಗೋಡೆಯ ಮೇಲಿನ ಫೋಟೊದಲ್ಲಿ ಅವರು ಬಿಗಿದು ಕೂತಿದ್ದಾರೆ, ನನಗೆ ಗೊತ್ತಿದ್ದ ಅಜ್ಜಿ ಅಲ್ಲಿಲ್ಲ. “ಕಣಗಳ್ಳ ಬಂತು!” ಎಂದು ಯಾರಾದರೂ ಕೂಗಿದಾಗ ಮಾತ್ರ, ಸೆರಗು ಸಿಕ್ಕಿಸಿಕೊಂಡು ಟಾರ್ಪಾಲಿನ ತುದಿ ಎಳೆಯುವ ಅಜ್ಜಿ ಕಣ್ಣೆದುರು ಬರುತ್ತಾರೆ. ಅವರನ್ನು ನೋಡೇ ಇರದ ನನ್ನ ತಂಗಿಯ ಮಗಳೂ ಹಾಗೆಯೇ ಕೂಗುತ್ತಾಳೆ.

ಹಿರಿಯರ ಮಾತು ಹಿರಿಯರ ಜೊತೆಗೇ ಹೋಗಬಾರದೆಂದು ನಮ್ಮ ಕೊಡಗಿನಲ್ಲಿ ಶ್ರಮಪಟ್ಟವರಿದ್ದಾರೆ. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಿದ್ದ ನಡಿಕೇರಿಯಂಡ ಚಿಣ್ಣಪ್ಪನವರು, ದುಡಿ ಬಡಿದು ಹಾಡುವವರ ಹಾಡುಗಳನ್ನೂ ಹಿರಿಯರ ಗಾದೆ, ಒಗಟುಗಳನ್ನೂ ಸಂಗ್ರಹಿಸಿ, ಕೊಡವ ನುಡಿಯನ್ನು ಕನ್ನಡ ಲಿಪಿಯಲ್ಲಿ ಬರೆದರು. 1924ರಲ್ಲಿ ಅದು ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟವಾಯಿತು. 1931ರಲ್ಲಿ ಅವರು ತೀರಿಕೊಂಡರು. 2003ರಲ್ಲಿ ಅವರ ಮೊಮ್ಮಕ್ಕಳೇ ಆದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷಿಗೆ ತಂದರು. ತಾತ ಉಳಿಸಿದ್ದನ್ನು ಮೊಮ್ಮಕ್ಕಳು ಹೊರಲೋಕಕ್ಕೆ ತಲುಪಿಸಿದರು.

ಆ ಹಾಡುಗಳಾದರೂ ಊರೂರಿನ ಬಾಯಲ್ಲಿದ್ದವು. ಅಜ್ಜಿಯ ‘ಉಳ್ಕೊಮಳೆ’ ನಮ್ಮ ಮನೆಯ ನಾಲ್ಕು ಜನರಿಗಷ್ಟೇ ಗೊತ್ತು. ಅದನ್ನು ಸಂಗ್ರಹಿಸಲು ಯಾವ ವಿದ್ವಾಂಸರೂ ಬಾಗಿಲು ತಟ್ಟುವುದಿಲ್ಲ. ನಾವೇ ಬರೆದುಕೊಳ್ಳಬೇಕು. ನಮ್ಮ ಮನೆಯಲ್ಲಿ ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೇವೆ.

ನಿಮ್ಮ ಮನೆಯಲ್ಲೂ ಇಂಥ ಮಾತುಗಳು ಇದ್ದೇ ಇರುತ್ತವೆ. ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ಕನ್ನಡವಿರಲಿ, ಹಿರಿಯರು ಹೇಳಿದಂತೆಯೇ ಬರೆಯಿರಿ, ತಿದ್ದಲು ಹೋಗಬೇಡಿ. ಯಾರು, ಯಾವ ಸಂದರ್ಭದಲ್ಲಿ ಹೇಳಿದರೆಂದು ಪಕ್ಕದಲ್ಲೊಂದು ಸಾಲು ಇರಲಿ. ಇವತ್ತು ಬೆಳಗಿನ ಕಾಫಿಗೆ ಹಿರಿಯರು ಯಾರಾದರೂ ಜೊತೆಯಲ್ಲಿದ್ದರೆ, ಅವರ ಅಮ್ಮ ಮಳೆಗೆ ಏನೆನ್ನುತ್ತಿದ್ದರೆಂದು ಒಮ್ಮೆ ಕೇಳಿ.