ಸರಕು ವಿಮಾನದ ಖಾಲಿ ಕುರ್ಚಿ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ನಮ್ಮ ಸದಸ್ಯರೊಬ್ಬರು ರಾತ್ರಿ ಹೋಟೆಲು ಮುಚ್ಚಿದ ಮೇಲೆ ನನ್ನ ಬಳಿಗೆ ಬಂದರು. ಅವರ ಮಗ ಅಮೆರಿಕೆಯಲ್ಲಿ ವಿಮಾನ ನಡೆಸಲು ಕಲಿಯುತ್ತಿದ್ದಾನೆ. ಊರಿನ ಗದ್ದೆಯನ್ನು ಅಡವಿಟ್ಟು ಕಳಿಸಿದ್ದಾರೆ. "ಮಾಸ್ಟ್ರೇ, ಹುಡುಗ ಒಂದು ಸರಕು ವಿಮಾನದಲ್ಲಿ ಬರೇ ಕೂತು ನೋಡ್ತೇನೆ ಅಂತ ಕೇಳಿದನಂತೆ. ಪೈಲಟು ಒಪ್ಪಿದ, ಕಂಪೆನಿ ಬೇಡ ಅಂತಂತೆ. ಕುರ್ಚಿ ಖಾಲಿಯೇ ಹೋಗ್ತದೆ. ನಮ್ಮವ ಅಂತ ಬೇಡ ಅಂದದ್ದೋ?" ಎಂದು ಕೇಳಿದರು. ಅಂದು ಉತ್ತರ ಕೊಡಲಾರದೆ ಹೋದೆ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಂದು ಹೇಳುತ್ತೇನೆ.

ಹುಡುಗನ ಆಸೆ ತಪ್ಪಲ್ಲ. ನಮ್ಮಲ್ಲಿ ದೋಸೆ ಹುಯ್ಯುವುದನ್ನು ಯಾರು ಪುಸ್ತಕ ನೋಡಿ ಕಲಿತರು? ಲೋಟ ತೊಳೆಯುತ್ತಲೇ ಭಟ್ಟರ ಕೈಯನ್ನು ನೋಡಿದವರು ನಾವು. ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರೂ ಬದಲಿಯಾಗಿ ಸೇರಿ, ಪಕ್ಕದ ಮಗ್ಗದವನನ್ನು ನೋಡಿಯೇ ಕಲಿತರು.

ಅಲ್ಲಿ ಸೆಸ್ನಾ ಕ್ಯಾರವಾನ್ ಎಂಬ ಒಂದೇ ಎಂಜಿನಿನ ವಿಮಾನಗಳು ದೊಡ್ಡ ನಿಲ್ದಾಣದಿಂದ ಸಣ್ಣ ಊರುಗಳಿಗೆ ಪಾರ್ಸಲು ಒಯ್ಯುತ್ತವೆ. ಎಷ್ಟೋ ಸಲ ನಡೆಸುವವನು ಒಬ್ಬನೇ. ಬಲಗಡೆಯ ಆಸನ ಖಾಲಿ. ಅಲ್ಲಿ ಕುಳಿತರೆ ಕಾಣುವುದು ಬಹಳ. ಭಾರವನ್ನು ಎಲ್ಲಿ ಇಡಬೇಕೆಂಬುದೇ ಒಂದು ವಿದ್ಯೆ. ಕೈಗಾಡಿಗೆ ಗಂಟು ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂದಕ್ಕೆ ಹೆಚ್ಚು ಹೇರಿದರೆ ಮೂಗು ಮೇಲೇಳುತ್ತದೆ. ಗಾಡಿಯಾದರೆ ನಿಲ್ಲಿಸಿ ಸರಿಮಾಡಬಹುದು, ಆಕಾಶದಲ್ಲಿ ಆಗದು. ರೆಕ್ಕೆಗೆ ಮಂಜುಗಡ್ಡೆ ಹಿಡಿಯುವ ರಾತ್ರಿ ಹೋಗುವುದೋ ಬಿಡುವುದೋ ಎಂದು ಪೈಲಟು ಹೇಗೆ ತೀರ್ಮಾನಿಸುತ್ತಾನೆ ಎಂಬುದನ್ನೂ ನೋಡಬಹುದು. ಆದರೆ ಹೀಗೆ ಕುಳಿತ ಹೊತ್ತು ಕಲಿಯುವವನ ಲೆಕ್ಕದ ಪುಸ್ತಕಕ್ಕೆ ಒಂದು ನಿಮಿಷವೂ ಸೇರದು. ಸಾಮಾನ್ಯ ಕ್ರಮದಲ್ಲಿ ಅಲ್ಲಿ 250 ಗಂಟೆ ಹಾರಿದವನಿಗೆ ವೃತ್ತಿಯ ಪರವಾನಗಿ ಸಿಗುತ್ತದೆ. ಮೋಡದೊಳಗೆ ಉಪಕರಣ ನೋಡಿಕೊಂಡು ಇಂಥ ಸರಕು ವಿಮಾನವನ್ನು ಒಬ್ಬನೇ ನಡೆಸಲು 1,200 ಗಂಟೆ ಬೇಕು.

ಇನ್ನು ಕಂಪೆನಿಯ ಮಾತು. ಸರಕು ವಿಮಾನದಲ್ಲಿ ಯಾರು ಕುಳಿತುಕೊಳ್ಳಬಹುದೆಂದು ಅಲ್ಲಿನ ಕಾನೂನು ಹೆಸರಿಸಿದೆ. ವಿಮಾನದ ಸಿಬ್ಬಂದಿ, ಕಂಪೆನಿಯ ನೌಕರರು, ಸರ್ಕಾರದ ತನಿಖಾಧಿಕಾರಿ, ಸಾಗಿಸುವ ಪ್ರಾಣಿಗಳನ್ನು ನೋಡಿಕೊಳ್ಳುವವರು, ಹೀಗೆ. ಕುದುರೆಯ ಜೊತೆ ಹೋಗುವವನಿಗೆ ಜಾಗ ಉಂಟು, ಕಲಿಯಲು ಬಂದವನಿಗೆ ಇಲ್ಲ! ನನಗೂ ನಗು ಬಂತು. ಆದರೆ ಪೈಲಟು ತನ್ನ ಮಾತಿನ ಮೇಲೆ ಕೂರಿಸಿಕೊಂಡರೆ ಅವನ ಅನ್ನಕ್ಕೇ ಸಂಚಕಾರ. ಅವನೂ ನಮ್ಮಂತೆ ಸಂಬಳದವನೇ.

ಭಯಕ್ಕೂ ಕಾರಣವಿದೆ. 1994ರ ಏಪ್ರಿಲ್ 7ರಂದು ಮೆಂಫಿಸ್‌ನಿಂದ ಹೊರಟ ಫೆಡರಲ್ ಎಕ್ಸ್‌ಪ್ರೆಸ್ಸಿನ ಸರಕು ವಿಮಾನದಲ್ಲಿ, ಹೆಚ್ಚುವರಿ ಆಸನದಲ್ಲಿ ಹೋಗುತ್ತಿದ್ದ ಕಂಪೆನಿಯ ನೌಕರನೇ ಸುತ್ತಿಗೆಯಿಂದ ಮೂವರು ಸಿಬ್ಬಂದಿಯ ತಲೆಗೆ ಹೊಡೆದ. ಅವರು ರಕ್ತ ಸುರಿಸುತ್ತ ಹೋರಾಡಿ ವಿಮಾನವನ್ನು ಮರಳಿ ಇಳಿಸಿದರು. 2001ರ ಸೆಪ್ಟೆಂಬರ್ 11ರ ತರುವಾಯ ಬಿಗಿ ಇನ್ನೂ ಹೆಚ್ಚಿತು. ಹೊರದೇಶದ ವಿದ್ಯಾರ್ಥಿಯಂತೂ ಅಲ್ಲಿ ಹಾರಾಟ ಕಲಿಯುವ ಮೊದಲೇ ಸರ್ಕಾರದ ಪರಿಶೀಲನೆಗೆ ಒಳಗಾಗಬೇಕು.

ಆದ್ದರಿಂದ ಆ ತಂದೆಗೆ ನನ್ನ ಉತ್ತರ ಇದು: ಅಲ್ಲಿಯ ಹುಡುಗ ಕೇಳಿದ್ದರೂ ಕಾನೂನು ಇದೇ. ಆದರೂ ಪೂರ್ತಿ ಸಮಾನವಲ್ಲ. ಅಲ್ಲಿಯ ಹುಡುಗ ಅದೇ ಕಂಪೆನಿಯಲ್ಲಿ ಮೂಟೆ ಹೊರುವ ಕೆಲಸ ಹಿಡಿದರೆ ನೌಕರನೆನಿಸುತ್ತಾನೆ. ಕಂಪೆನಿ ಒಪ್ಪಿದರೆ ಕುರ್ಚಿ ಸಿಕ್ಕೀತು. ವಿದ್ಯಾರ್ಥಿ ವೀಸಾದ ಮೇಲೆ ಹೋದ ನಮ್ಮ ಹುಡುಗ ಮನಸ್ಸಿಗೆ ಬಂದ ಕೆಲಸ ಹಿಡಿಯುವಂತಿಲ್ಲ. ಈ ವ್ಯತ್ಯಾಸ ನನಗೆ ನೋವು ತಂದಿತು, ಮುಚ್ಚಿಡಲಾರೆ.

ಹುಡುಗನಿಗೆ ಒಂದು ಕಾಗದ ಬರೆದೆ. ಶಾಲೆಯ ನಾಲ್ಕು ಆಸನದ ವಿಮಾನದಲ್ಲಿ, ಬೇರೆಯವರ ಪಾಠದ ಹೊತ್ತಿಗೆ ಶಿಕ್ಷಕರೂ ಆ ವಿದ್ಯಾರ್ಥಿಯೂ ಒಪ್ಪಿದರೆ, ಹಿಂದೆ ಕುಳಿತು ನೋಡು; ಬೇರೆಯವರ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ. ಆ ಸರಕಿನ ಪೈಲಟಿಗೆ ಬಿಡುವಿದ್ದಾಗ ಚಹಾ ಕುಡಿಸಿ, ಭಾರದ ಲೆಕ್ಕ ಹೇಗೆ ಎಂದು ಕೇಳು ಎಂದೆ. ಇನ್ನೊಂದನ್ನೂ ಸೇರಿಸಿದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ನಮ್ಮ ಜುಹುವಿಗೆ ತಂದದ್ದು ಜನರನ್ನಲ್ಲ, ಟಪಾಲನ್ನು. ಅದನ್ನು ಮುಂದೆ ಮದರಾಸಿಗೆ ಒಯ್ದ ನೆವಿಲ್ ವಿನ್ಸೆಂಟ್ ದಾರಿಯಲ್ಲಿ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ.

ಹುಡುಗನಿಂದ ಉತ್ತರ ಬಂದಿದೆ. ಹಿಂದಿನ ಆಸನದಲ್ಲಿ ಎರಡು ಸಲ ಕುಳಿತನಂತೆ, ಒಂದು ಸಲ ವಾಂತಿಯಾಯಿತಂತೆ. ಅವನ ತಂದೆ ಈ ಸಭೆಯಲ್ಲಿಯೇ ಇದ್ದಾರೆ. ಇವತ್ತಿನ ಚಹಾ ಅವರದು.