ಸೊನ್ನೆಯ ಪಕ್ಕದ ಹದಿಮೂರು

ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ ಸಿಗುತ್ತದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಗುಡಿ ಅಲ್ಲಿದ್ದರೂ ಪ್ರವಾಸಿಗಳು ಇಳಿಯುವುದು ಕಡಿಮೆ. ಅರಸೀಕೆರೆ ತಾಲ್ಲೂಕಿನ ಈ ಊರಿನ ಹೆಸರನ್ನು ದೇಶದೇಶಗಳ ಸ್ಕೋರ್‌ಬೋರ್ಡಿಗೆ ಏರಿಸಿದವರು ಕ್ರಿಕೆಟ್ ಬೌಲರ್ ಜಾವಗಲ್ ಶ್ರೀನಾಥ್. ಅವರು ಹುಟ್ಟಿ, ಓದಿ, ಎಂಜಿನಿಯರ್ ಆದದ್ದೆಲ್ಲ ಮೈಸೂರಿನಲ್ಲಿ, ನಿಜ. ಆದರೂ ‘ನಮ್ಮ ತಾಲ್ಲೂಕಿನವರು’ ಎನ್ನುವ ಹಕ್ಕನ್ನು ನಾವ್ಯಾರೂ ಬಿಟ್ಟುಕೊಟ್ಟಿಲ್ಲ. ಬಿಡಬೇಕಾಗಿಯೂ ಇಲ್ಲ.

ಆದರೆ ಅರಸೀಕೆರೆಯ ಹುಡುಗರೇ, ಹುಡುಗಿಯರೇ, ಹಕ್ಕು ಸಾಧಿಸುವ ಮೊದಲು ಆ ಮನುಷ್ಯನ ದಾಖಲೆಯನ್ನು ಒಮ್ಮೆ ಪೂರ್ತಿ ಓದಿ. 67 ಟೆಸ್ಟ್, 236 ವಿಕೆಟ್. 229 ಏಕದಿನ ಪಂದ್ಯ, 315 ವಿಕೆಟ್. ಏಕದಿನದಲ್ಲಿ 300 ದಾಟಿದ ಭಾರತದ ಮೊದಲ ವೇಗದ ಬೌಲರ್. ಇಷ್ಟು ಕ್ವಿಜ್‌ಗೆ ಸಾಕು. ನಿಮಗೆ ಸಾಲದು.

ಬಾಕ್ಸರ್‌ಗಳ ದಾಖಲೆಯೇ ಬೇರೆ. ಎಷ್ಟು ಗೆಲುವು, ಎಷ್ಟು ಸೋಲು, ಎಷ್ಟು ನಾಕೌಟ್: ಮೂರು ಅಂಕಿಯಲ್ಲಿ ಜಾತಕ ಮುಗಿಯಿತು. ರಿಂಗಿನಲ್ಲಿ ಬಾಕ್ಸರ್‌ನ ಕಡೆಗೆ ಅವನೊಬ್ಬನೇ ಇರುವುದರಿಂದ ಗೆದ್ದರೂ ಸೋತರೂ ಪೂರ್ತಿ ಅವನದೇ. ಬೌಲರ್‌ನ ಪಾಡು ಹಾಗಲ್ಲ. ಬೆವರು ಅವನದು, ಫಲಿತಾಂಶ ಹನ್ನೊಂದು ಜನರದು. ನಮ್ಮಲ್ಲಿ ಬಹುಪಾಲು ಜನರ ದುಡಿಮೆ ಈ ಎರಡನೆಯ ಜಾತಿಯದು.

1991ರ ನವೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದ ಶ್ರೀನಾಥ್, ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ಕೊನೆಯಲ್ಲಿ. ನಡುವೆ ತವರಿನ ಏಳು ಟೆಸ್ಟ್‌ಗಳಲ್ಲಿ ಹೊರಗೆ ಕೂತರು. ಹೆಚ್ಚಾಗಿ ಕುಂಬ್ಳೆ, ರಾಜು, ಚೌಹಾಣ್ ಸ್ಪಿನ್ ಹಾಕುತ್ತಿದ್ದರು, ಏಳಕ್ಕೆ ಏಳನ್ನೂ ತಂಡ ಗೆದ್ದಿತು. ತಂಡ ಸೋತರೆ ‘ನಾನಿದ್ದಿದ್ದರೆ’ ಅನ್ನಬಹುದು. ನೀವಿಲ್ಲದೆಯೂ ಗೆಲ್ಲುತ್ತಿದ್ದರೆ ಏನೆನ್ನುತ್ತೀರಿ? ಅನ್ನುವುದಕ್ಕೆ ಏನೂ ಇಲ್ಲ. ನೆಟ್ಸ್‌ಗೆ ಹೋಗಿ ಚೆಂಡು ಹಾಕುವುದಷ್ಟೇ. ಅವಕಾಶ ಸಿಕ್ಕಾಗ ಮುಂಬೈಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಐದು ವಿಕೆಟ್ ತೆಗೆದು, ಬ್ಯಾಟಿನಲ್ಲೂ 60 ರನ್ ಹೊಡೆದರು. ಎರಡು ವರ್ಷದ ನಂತರ ಅಹಮದಾಬಾದಿನಲ್ಲಿ 21 ರನ್ನಿಗೆ ಆರು ವಿಕೆಟ್. 170 ಹೊಡೆಯಬೇಕಿದ್ದ ದಕ್ಷಿಣ ಆಫ್ರಿಕಾ 105ಕ್ಕೇ ಮಲಗಿತು. ಮರುವರ್ಷ ಭುಜವೇ ಕೈಕೊಟ್ಟಿತು, ಶಸ್ತ್ರಚಿಕಿತ್ಸೆ ಆಯಿತು. ಮತ್ತೆ ಬಂದರು.

ನನಗೆ ಅತಿ ಇಷ್ಟವಾದ ಪುಟ 1999ರ ಫೆಬ್ರವರಿಯದು. 7ನೇ ತಾರೀಕು, ದೆಹಲಿ. ಪಾಕಿಸ್ತಾನದ ಒಂಬತ್ತೂ ವಿಕೆಟ್ ಕುಂಬ್ಳೆಗೆ ಬಿದ್ದಿವೆ. ಇನ್ನೊಂದು ತುದಿಯಿಂದ ಓವರ್ ಹಾಕಬೇಕಾದವರು ಶ್ರೀನಾಥ್. ಕೊನೆಯ ಜೋಡಿ ಅಕ್ರಮ್, ವಕಾರ್. ಯಾವ ವೇಗದ ಬೌಲರ್‌ಗೂ ಬಾಯಲ್ಲಿ ನೀರೂರುವ ಹೊತ್ತು. ಶ್ರೀನಾಥ್ ಚೆಂಡನ್ನು ಆಫ್ ಸ್ಟಂಪಿನ ಆಚೆ, ಬ್ಯಾಟ್ ಚಾಚಿದರೂ ಸಿಗದಷ್ಟು ದೂರ ಎಸೆದರು. ಅಂಪೈರ್ ವೈಡ್ ಎಂದು ಎರಡೂ ಕೈ ಚಾಚಿದರು. ವಿಕೆಟ್ ತೆಗೆಯದಿರಲು ಮೈಮುರಿದು ದುಡಿದ ಓವರ್ ಅದು! ಕುಂಬ್ಳೆಗೆ ಹತ್ತಕ್ಕೆ ಹತ್ತು ಸಿಕ್ಕಿತು. ಆ ಇನಿಂಗ್ಸಿನಲ್ಲಿ ಶ್ರೀನಾಥರ ಮುಂದೆ ಉಳಿದದ್ದು ಸೊನ್ನೆ.

16ನೇ ತಾರೀಕು ಕೋಲ್ಕತ್ತದಲ್ಲಿ ಮುಂದಿನ ಟೆಸ್ಟ್, ಎದುರಾಳಿ ಮತ್ತೆ ಅದೇ ಪಾಕಿಸ್ತಾನ. ಮೊದಲ ಬೆಳಿಗ್ಗೆಯೇ 26ಕ್ಕೆ ಅವರ ಆರು ವಿಕೆಟ್ ಉರುಳಿದವು. ಮೊದಲ ಇನಿಂಗ್ಸಿನಲ್ಲಿ 46ಕ್ಕೆ ಐದು, ಎರಡನೆಯದರಲ್ಲಿ 86ಕ್ಕೆ ಎಂಟು, ಒಟ್ಟು ಹದಿಮೂರು: ಶ್ರೀನಾಥರ ಟೆಸ್ಟ್ ಬದುಕಿನಲ್ಲೇ ದೊಡ್ಡದು. ಭಾರತ 46 ರನ್ನುಗಳಿಂದ ಸೋತಿತು.

ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಹತ್ತು ಪಾಯಿಂಟ್ ತಂದೂ ಸೋತು, ಜೀಪಿನ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತ ಹುಡುಗಿಗೆ ಈ ಸ್ಕೋರ್‌ಕಾರ್ಡ್ ತೋರಿಸಿ. ದೈಹಿಕ ಪರೀಕ್ಷೆ ಪಾಸಾಗಿ ಲಿಖಿತದಲ್ಲಿ ಎರಡು ಅಂಕಕ್ಕೆ ಪೊಲೀಸ್ ಕೆಲಸ ತಪ್ಪಿದ ಹುಡುಗನಿಗೂ ತೋರಿಸಿ. ‘ಎಲ್ಲ ವ್ಯರ್ಥವಾಯ್ತು’ ಅನ್ನುವ ಮಾತು ನಮ್ಮಲ್ಲಿ ತೀರಾ ಸಲೀಸಾಗಿ ಬರುತ್ತದೆ. ಸೋತ ಪಂದ್ಯದ ಆ ಹದಿಮೂರನ್ನು ತೆಗೆದುಹಾಕಿದರೆ 236 ಎಂಬ ಸಂಖ್ಯೆಯೇ ಇರುವುದಿಲ್ಲ.

ಶ್ರೀನಾಥರ ಕೊನೆಯ ಪಂದ್ಯವೂ ಸಿನಿಮಾದ ಕೊನೆಯಂತಿರಲಿಲ್ಲ. 2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ತೆಗೆದಿದ್ದ ಮನುಷ್ಯ ಆಸ್ಟ್ರೇಲಿಯಾ ಎದುರಿನ ಫೈನಲ್‌ನಲ್ಲಿ 10 ಓವರಿಗೆ 87 ರನ್ ಕೊಟ್ಟರು. ವಿಕೆಟ್ ಇಲ್ಲ. ಆದರೂ ಹತ್ತೂ ಓವರ್ ಹಾಕಿದರು. ಮೂರು ವರ್ಷದ ನಂತರ ಅದೇ ಆಟಕ್ಕೆ ಮ್ಯಾಚ್ ರೆಫರಿಯಾಗಿ ವಾಪಸಾದರು.

ಹಾಗಾದರೆ ಏಳಿ. ಭಾನುವಾರದ ಟೆನಿಸ್ ಬಾಲ್ ಟೂರ್ನಮೆಂಟಿನ ಪಟ್ಟಿಯಲ್ಲಿ ಹೆಸರಿಲ್ಲವೇ? ಸೋಮವಾರ ಬೆಳಿಗ್ಗೆ ಐದೂವರೆಗೆ ಮೈದಾನದಲ್ಲಿರಿ. ಗೆಳೆಯನಿಗೆ ಅವನ ಹತ್ತನೆಯ ವಿಕೆಟ್ ಬೇಕೇ? ಬಿಟ್ಟುಕೊಡಿ; ನಿಮ್ಮ ಮುಂದಿನ ಪಂದ್ಯಕ್ಕೆ ಒಂಬತ್ತು ದಿನವಷ್ಟೇ ಇದೆ.