ಖಾಲಿ ಹಾರಾಟದ ಪಾಠ



ಗಗನಯಾನದ ಬಗ್ಗೆ ನಾಲ್ಕು ಮಾತು ಆಡಲು ನನಗೆ ಹೇಳಿದ್ದಾರೆ. ನಾನು ಒಂದೇ ದಿನದ ವಿಷಯ ಹೇಳುತ್ತೇನೆ.

2023ರ ಅಕ್ಟೋಬರ್ 21, ಶ್ರೀಹರಿಕೋಟಾ. ಗಗನಯಾತ್ರಿಗಳು ಕೂರಬೇಕಾದ ಕೋಶವನ್ನು ಖಾಲಿಯಾಗಿ ಹಾರಿಸುವ ಪರೀಕ್ಷೆ. ಏರುವ ಹೊತ್ತಿಗೆ ಅಪಾಯ ಬಂದರೆ ಒಳಗಿದ್ದವರನ್ನು ಉಳಿಸಬಹುದೇ ಎಂದು ನೋಡಬೇಕಿತ್ತು. ಇನ್ನು 5 ಸೆಕೆಂಡು ಇದೆ ಎನ್ನುವಾಗ ಕಂಪ್ಯೂಟರ್ ಎಲ್ಲವನ್ನೂ ನಿಲ್ಲಿಸಿತು. ಇಸ್ರೋದವರು ಕಾರಣ ಹುಡುಕಿ, ಸರಿಪಡಿಸಿ, 10 ಗಂಟೆಗೆ ಹಾರಿಸಿದರು. ಸುಮಾರು 12 ಕಿ.ಮೀ. ಎತ್ತರದಲ್ಲಿ ರಕ್ಷಣಾ ವ್ಯವಸ್ಥೆ ಕೋಶವನ್ನು ರಾಕೆಟ್‌ನಿಂದ ಬಿಡಿಸಿ ಇನ್ನೂ ಮೇಲಕ್ಕೆ ಒಯ್ದಿತು. ಪ್ಯಾರಾಚೂಟ್ ಬಿಚ್ಚಿಕೊಂಡು ಕೋಶ ಬಂಗಾಳ ಕೊಲ್ಲಿಗೆ ಇಳಿಯಿತು. ನೌಕಾಪಡೆಯವರು ಅದನ್ನು ಮೇಲೆತ್ತಿದರು.

ಪರೀಕ್ಷೆ ಗೆದ್ದಿತು. ಆದರೆ ಕೋಶ ನೀರಲ್ಲಿ ತಲೆಕೆಳಗಾಗಿ ತೇಲುತ್ತಿತ್ತು. ಅದನ್ನು ನೆಟ್ಟಗೆ ಮಾಡುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಗಂಗೊಳ್ಳಿ, ಮರವಂತೆಯ ಮಕ್ಕಳಿಗೆ ಕಡಲಲ್ಲಿ ಮಗುಚುವುದೆಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಒಳಗೆ ಮನುಷ್ಯರು ಇದ್ದಿದ್ದರೆ? ಈ ಪ್ರಶ್ನೆ ಯಾರೂ ಕೂರುವ ಮೊದಲೇ ಏಳಬೇಕು. ಖಾಲಿ ಹಾರಾಟ ಇರುವುದೇ ಅದಕ್ಕೆ.

ಮಕ್ಕಳೇ, ನಿಮ್ಮ ಪೂರ್ವಸಿದ್ಧತಾ ಪರೀಕ್ಷೆಯೂ ಹಾಗೆಯೇ. ಅಲ್ಲಿ ತಪ್ಪಿದ ಲೆಕ್ಕವನ್ನು ಮುಚ್ಚಿಡಬೇಡಿ; ಮೇಷ್ಟ್ರ ಹತ್ತಿರ ಹೋಗಿ ಕೇಳಿ. ಐವತ್ತು ತುಂಬಿದ ಈ ಶಾಲೆಗೆ ನನ್ನ ವಂದನೆಗಳು.